ಆಯ್ಕೆ ಮಗುವಿನದು, ಶಾಲೆಯದಲ್ಲ

ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ವಿಶೇಷ ಶಾಲೆಯೇ ಸರಿ, ಸಾಮಾನ್ಯ ಶಾಲೆಗಳಿಗೆ ಆ ಹೊರೆ ಬೇಡ ಎಂದು ಕಳೆದ ಸಂಚಿಕೆಯ ಲೇಖನ ವಾದಿಸಿದೆ. ಲೇಖಕರು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯನ್ನು ಒಮ್ಮೆ ತೆರೆದು ನೋಡಬೇಕಿತ್ತು. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ತಾರತಮ್ಯವಿಲ್ಲದೆ ಪ್ರವೇಶ ಕೊಡಬೇಕು ಎನ್ನುತ್ತದೆ 16ನೇ ಕಲಂ. ಶೇ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳ 6ರಿಂದ 18 ವರ್ಷದವರು ನೆರೆಹೊರೆಯ ಶಾಲೆಯನ್ನೋ ವಿಶೇಷ ಶಾಲೆಯನ್ನೋ ತಾವೇ ಆರಿಸಿಕೊಳ್ಳಬಹುದು ಎನ್ನುತ್ತದೆ 31ನೇ ಕಲಂ.

ಆದರೆ ಬೆಂಗಳೂರಿನ ಜಯನಗರ, ಬನಶಂಕರಿಗಳಲ್ಲಿ ನಡೆಯುವುದೇ ಬೇರೆ. ಮಗುವಿಗೆ ಆಟಿಸಂ ಎಂದು ತಾಯಿ ಬಾಯಿಬಿಟ್ಟ ಕೂಡಲೇ ಸೀಟು ಭರ್ತಿಯಾಗಿಬಿಡುತ್ತದೆ. ಸೇರಿಸಿಕೊಂಡವರಲ್ಲೂ ಕೆಲವರು ತರಗತಿಯಲ್ಲಿ ಮಗುವಿನ ಜೊತೆಗಿದ್ದು ನೆರವಾಗುವ ಶ್ಯಾಡೋ ಟೀಚರ್‌ನ ಸಂಬಳ ನೀವೇ ಕೊಡಿ ಎನ್ನುತ್ತಾರೆ. ಬೆಲ್ ಹೊಡೆದರೆ ಕಿವಿ ಮುಚ್ಚಿಕೊಂಡು ಬೆಂಚಿನಡಿ ಸೇರುವ ಐದು ವರ್ಷದ ಹುಡುಗನಿಗೆ ಬೇಕಿರುವುದು ಗದ್ದಲವಿಲ್ಲದ ಒಂದು ಮೂಲೆ, ದಿನದ ಕೆಲಸಗಳನ್ನು ಚಿತ್ರದಲ್ಲಿ ತೋರಿಸುವ ಒಂದು ಹಲಗೆ, ಅವನನ್ನು ಅರಿತ ಒಬ್ಬ ಟೀಚರ್. ಇದನ್ನು ಹೊರೆ ಎನ್ನುವುದು ನಿರ್ದಯ.

ವಿಶೇಷ ಶಾಲೆಗಳೂ ಬೇಕು. ಜೆ.ಪಿ. ನಗರದ ರಮಣ ಮಹರ್ಷಿ ಅಂಧರ ಅಕಾಡೆಮಿ 1969ರಿಂದ ದುಡಿಯುತ್ತಿದೆ. ಆದರೆ ಕಾಯ್ದೆ ಗುರುತಿಸಿದ ವೈಕಲ್ಯಗಳೇ 21; ಒಂದೊಂದಕ್ಕೂ ತಕ್ಕ ಶಾಲೆ ಪ್ರತಿ ಬಡಾವಣೆಯಲ್ಲಿ ಎಲ್ಲಿದೆ? ಬನಶಂಕರಿಯ ಮಗು ಇಂದಿರಾನಗರದ ಸ್ಪಾಸ್ಟಿಕ್ಸ್ ಸೊಸೈಟಿಯ ವಿಶೇಷ ಶಾಲೆ ತಲುಪಬೇಕಾದರೆ ಈ ಟ್ರಾಫಿಕ್‌ನಲ್ಲಿ ನಗರವನ್ನೇ ಅಡ್ಡಹಾಯಬೇಕು.

ತರಬೇತಿ ಪಡೆದ ಶಿಕ್ಷಕರ ಕೊರತೆ ನಿಜ. ಅದಕ್ಕೆಂದೇ ಸುಪ್ರೀಂ ಕೋರ್ಟ್ 2021ರಲ್ಲಿ, ವಿಶೇಷ ಶಿಕ್ಷಕರ ಅನುಪಾತ ನಿಗದಿಪಡಿಸಿ ಎಂದು ಕೇಂದ್ರ ಸರ್ಕಾರಕ್ಕೆ ಹೇಳಿತು; ಪ್ರಾಥಮಿಕ ಹಂತದಲ್ಲಿ ವಿಶೇಷ ಅಗತ್ಯವುಳ್ಳ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕು ಎಂದು ಕೇಂದ್ರ 2022ರಲ್ಲಿ ಅಧಿಸೂಚನೆ ಹೊರಡಿಸಿತು. ಲೇಖಕರು ಪ್ರಶ್ನಿಸಬೇಕಾದದ್ದು ಆ ನೇಮಕಾತಿ ಮಾಡದವರನ್ನು. ಪ್ರವೇಶ ನಿರಾಕರಿಸಿದ ಶಾಲೆಯ ಮೇಲೆ ಹೆತ್ತವರು ರಾಜ್ಯದ ಅಂಗವಿಕಲರ ಆಯುಕ್ತರಿಗೆ ದೂರು ಕೊಡಬಹುದು. ಕಾರಣವನ್ನು ಶಾಲೆಯಿಂದ ಬರಹದಲ್ಲಿ ಕೇಳಿ ಪಡೆದರೆ ದೂರಿಗೆ ಬಲ ಬರುತ್ತದೆ.