ಐವತ್ತಕ್ಕಲ್ಲ, ಇವತ್ತು ರಾತ್ರಿಯೇ

‘ಕಲ್ಲು ತಿಂದು ಕರಗಿಸೋ ವಯಸ್ಸು ಕಣೋ, ತಿನ್ನು!’ ಇಂಟರ್ನಲ್ಸ್ ಹಿಂದಿನ ರಾತ್ರಿ ಬರ್ಗರ್ ಆರ್ಡರ್ ಮಾಡುವಾಗ ನಾವೆಲ್ಲ ಹೇಳೋ ಮಾತು ಇದು. ಹಾರ್ಟ್ ಪ್ರಾಬ್ಲಂ ಎಲ್ಲ ಐವತ್ತಾದ ಮೇಲೆ ಅಂತ ನಮ್ಮ ಲೆಕ್ಕ. ಈ ಲೆಕ್ಕದಲ್ಲಿ ಒಂದು ಸ್ಟೆಪ್ ಬಿಟ್ಟುಹೋಗಿದೆ.

1997ರಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ವೈದ್ಯರು ಒಂದು ಸಣ್ಣ ಪ್ರಯೋಗ ಪ್ರಕಟಿಸಿದರು. ಆರೋಗ್ಯವಂತರಾದ 10 ಜನರಿಗೆ 50 ಗ್ರಾಂ ಕೊಬ್ಬಿರುವ, 900 ಕ್ಯಾಲೊರಿಯ ಫಾಸ್ಟ್‌ಫುಡ್ ಕೊಟ್ಟರು. ತೋಳಿಗೆ ಬಿಪಿ ಪಟ್ಟಿ ಬಿಗಿದು ಬಿಟ್ಟಾಗ ರಕ್ತ ನುಗ್ಗುತ್ತದಲ್ಲ, ಆಗ ರಕ್ತನಾಳ ಎಷ್ಟು ಹಿಗ್ಗುತ್ತದೆ ಅಂತ ಅಲ್ಟ್ರಾಸೌಂಡ್‌ನಲ್ಲಿ ಅಳೆದರು. ತಿನ್ನುವ ಮುಂಚೆ ಸುಮಾರು ಶೇ. 21 ಹಿಗ್ಗುತ್ತಿದ್ದದ್ದು, ತಿಂದ 2ರಿಂದ 4 ಗಂಟೆಯ ಹೊತ್ತಿಗೆ ಶೇ. 11ರ ಆಸುಪಾಸಿಗೆ ಇಳಿದಿತ್ತು. ಅಷ್ಟೇ ಕ್ಯಾಲೊರಿಯ ಕೊಬ್ಬಿಲ್ಲದ ತಿಂಡಿ ಕೊಟ್ಟಾಗ ಹೀಗಾಗಲಿಲ್ಲ.

ರಕ್ತನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಬಿಟ್ಟಾಗ ನಾಳ ಸಡಿಲವಾಗುತ್ತೆ. ಜಿಡ್ಡು ತಿಂದ ಮೇಲೆ ರಕ್ತದಲ್ಲಿ ಏರುವ ಟ್ರೈಗ್ಲಿಸರೈಡ್ ಈ ಕೆಲಸಕ್ಕೆ ಅಡ್ಡಿ ಮಾಡುತ್ತೆ. ನೋವಿಲ್ಲ, ನಮಗೆ ಗೊತ್ತೂ ಆಗಲ್ಲ.

ಒಂದು ಬರ್ಗರ್‌ನಿಂದ ಯಾರೂ ಸಾಯಲ್ಲ, ನಿಜ. ಕೆಲವು ಗಂಟೆಗಳಲ್ಲಿ ನಾಳ ಚೇತರಿಸಿಕೊಳ್ಳುತ್ತೆ. ಆದರೆ ಮಧ್ಯಾಹ್ನ ಗೋಬಿ ಮಂಚೂರಿ, ಸಂಜೆ ಬಜ್ಜಿ, ರಾತ್ರಿ ಬರ್ಗರ್ ಅಂದ್ರೆ ಅದು ಚೇತರಿಸಿಕೊಳ್ಳೋದು ಯಾವಾಗ?

ಪೂರ್ತಿ ಬಿಡಿ ಅಂತ ಹೇಳಲ್ಲ, ನಾನೂ ಬಿಟ್ಟಿಲ್ಲ. ದಿನಾ ತಿನ್ನೋದನ್ನ ವಾರಕ್ಕೊಂದು ಸಲ ಮಾಡೋಣ. ಜೊತೆಗೆ, ರಾತ್ರಿ ಎಂಟರ ಮೇಲೂ ಇಡ್ಲಿ, ಮೊಸರನ್ನ ಇಡಿ ಅಂತ ಕ್ಯಾಂಟೀನ್‌ನವರನ್ನು ಒಟ್ಟಾಗಿ ಕೇಳೋಣ. ಓದೋ ರಾತ್ರಿ ಹಸಿವಾದಾಗ ಕರಿದದ್ದು ಬಿಟ್ಟು ಬೇರೇನೂ ಸಿಗದಿದ್ರೆ, ತಪ್ಪು ನಮ್ಮ ನಾಲಿಗೆಯದ್ದು ಮಾತ್ರ ಅಲ್ಲ.