ಮಾಟಗಾತಿಯ ಮುಖ

ಮಕ್ಕಳ ಕೈಗೆ ನಾವು ಕೊಡುವ ಮಾಯಾಕಥೆಗಳಲ್ಲಿ ಮಾಟಗಾತಿಗೆ ಎರಡೇ ಮುಖ. ಒಂದೋ ಬೊಚ್ಚುಬಾಯಿಯ, ಗೂನುಬೆನ್ನಿನ ಮುದುಕಿ. ಇಲ್ಲವೇ ಮಂತ್ರಬಲದಿಂದ ಚೆಲುವೆಯಾಗಿ ರಾಜಕುಮಾರನನ್ನು ಮರುಳುಗೊಳಿಸುವವಳು. ಕೊನೆಗೆ ಚೆಲುವು ಕಳಚಿ ಕುರೂಪ ಬಯಲಾದೊಡನೆ ಅವಳ ದುಷ್ಟತನವೂ ಸಿದ್ಧವಾಯಿತೆಂದು ಮಕ್ಕಳು ತಿಳಿಯುತ್ತಾರೆ. ಇದು ವಿನೋದವಲ್ಲ, ಮಿಥ್ಯಾತ್ವದ ಪಾಠ.

ನಮ್ಮ ಸಿದ್ಧಾಂತದಂತೆ ಶರೀರದ ಅಂದಚೆಂದ ನಾಮಕರ್ಮದ ಫಲ. ಅದು ಅಘಾತಿ ಕರ್ಮ, ಆತ್ಮಗುಣವನ್ನು ಘಾತಿಸದು. ಆತ್ಮವನ್ನು ಕೆಡಿಸುವುದು ಮೋಹನೀಯ. ಅದು ಮುಖದ ಮೇಲೆ ಬರೆದಿರುವುದಿಲ್ಲ. ರಟ್ಟಿನ ಅಂದ ನೋಡಿ ಖಾತೆಯ ಲೆಕ್ಕವನ್ನು ಒಪ್ಪುವ ವರ್ತಕನುಂಟೇ?

ನಮ್ಮ ಕವಿಗಳು ಇದನ್ನರಿತಿದ್ದರು. ನಾಗಚಂದ್ರನ ‘ರಾಮಚಂದ್ರಚರಿತಪುರಾಣ’ದಲ್ಲಿ ರಾವಣನ ತಂಗಿ ಚಂದ್ರನಖಿ ಕೋರೆಹಲ್ಲಿನ ರಾಕ್ಷಸಿಯಲ್ಲ, ವಿದ್ಯಾಧರ ಕುಲದವಳು. ಅವಳನ್ನು ಕೆಡಿಸಿದ್ದು ವಿದ್ಯೆಯಲ್ಲ, ರೂಪವಲ್ಲ, ಮೋಹ. ಜನ್ನನ ‘ಯಶೋಧರಚರಿತೆ’ಯ (ಕ್ರಿ.ಶ. 1209) ಅಮೃತಮತಿ ಚೆಲುವೆ, ಗಂಡನಿಗೆ ವಿಷವಿಕ್ಕಲು ಅವಳಿಗೆ ಮಂತ್ರವೇನೂ ಬೇಕಾಗಲಿಲ್ಲ.

‘ಬರಿಯ ಕಥೆ, ಬಿಡಿ’ ಎನ್ನುವವರು ಯಾದಗಿರಿ, ಶಹಾಪುರ, ಸುರಪುರಗಳ ಕಡೆ ನೋಡಲಿ. ನಮ್ಮ ಸೀಮೆಯಲ್ಲಿ ‘ಭಾನಾಮತಿ’ಯೆಂಬ ಮಾತು ಇನ್ನೂ ಸತ್ತಿಲ್ಲ. ಆ ಅಪವಾದಕ್ಕೆ ಸುಲಭವಾಗಿ ತುತ್ತಾಗುವವಳು ಯಾರು? ದಿಕ್ಕಿಲ್ಲದ ವೃದ್ಧೆ, ಕಥೆಯ ಮಾಟಗಾತಿಗೂ ಅವಳದೇ ಮುಖ. ವಾಮಾಚಾರದ ಹೆಸರಿನ ಕ್ರೌರ್ಯವನ್ನು ದಂಡಿಸುವ 2017ರ ರಾಜ್ಯ ಕಾಯಿದೆ 2020ರಿಂದ ಜಾರಿಯಲ್ಲಿದೆ. ಆದರೆ ಮುಖ ನೋಡಿ ಮಣೆ ಹಾಕುವ ಬುದ್ಧಿಯನ್ನು ಕಾಯಿದೆ ತೊಡೆಯಲಾರದು.

ಬಸದಿಗಳ ಟ್ರಸ್ಟಿನವರು ಪಾಠಶಾಲೆಗಳಲ್ಲಿ ಚಂದ್ರನಖಿಯ ಕಥೆಯನ್ನು ಹೇಳಿಸಲಿ. ತಾಯಂದಿರು ಯಾವ ಕಥೆ ಹೇಳಿದರೂ, ಅವಳು ಹೇಗಿದ್ದಳೆಂದು ಕೇಳದೆ ಏನು ಮಾಡಿದಳೆಂದು ಮಕ್ಕಳನ್ನು ಕೇಳಲಿ. ಸಮ್ಯಗ್ದರ್ಶನಕ್ಕೆ ಅದೇ ಮೊದಲ ಮೆಟ್ಟಿಲು.