ಹೊಸ ಹಾಡು, ಹಳೆಯ ಕಿವಿ

ಕಾಳಿದಾಸನ ‘ಮಾಲವಿಕಾಗ್ನಿಮಿತ್ರ’ದ ಪ್ರಸ್ತಾವನೆಯಲ್ಲಿ ಪಾರಿಪಾರ್ಶ್ವಕನು ಸೂತ್ರಧಾರನಿಗೆ ಒಂದು ಪ್ರಶ್ನೆಯನ್ನು ಹಾಕುತ್ತಾನೆ. ಭಾಸ, ಸೌಮಿಲ್ಲ, ಕವಿಪುತ್ರರಂತಹ ಹೆಸರಾಂತವರ ಕೃತಿಗಳಿರಲು, ಈಗಿನವನಾದ ಕಾಳಿದಾಸನ ನಾಟಕಕ್ಕೆ ಇಷ್ಟು ಮನ್ನಣೆಯೇತಕ್ಕೆ ಎಂಬುದೇ ಅದರ ಭಾವ. ಇಂದು ಕವಿಕುಲಗುರುವೆಂದು ನಾವು ಕೈಮುಗಿಯುವ ಮಹಾಕವಿಯೂ ಒಂದು ಕಾಲಕ್ಕೆ ಹೊಸಬನಾಗಿ ನಿಂತು, ತನ್ನ ಮೇಲಿನ ಆಕ್ಷೇಪಣೆಗೆ ತಾನೇ ಸಮಾಧಾನವನ್ನು ಬರೆಯಬೇಕಾಯಿತು. ಈ ತಿಂಗಳು ಹೊಸ ಸಂಗೀತದ ವಿಮರ್ಶೆಯನ್ನು ಕುರಿತು ಬರೆಯಹೊರಟಾಗ ಈ ಪ್ರಸಂಗವು ನೆನಪಿಗೆ ಬಂದಿತು.

ಬೆಂಗಳೂರಿನಲ್ಲಿ 2010ರಲ್ಲಿ ‘ಪರ್ವಾಜ್’ ಎಂಬ ತರುಣರ ಮೇಳವೊಂದು ಹುಟ್ಟಿತು. ಕಾಶ್ಮೀರಿ ಮತ್ತು ಉರ್ದು ಭಾಷೆಗಳಲ್ಲಿ ಹಾಡಿ, 2012ರಲ್ಲಿ ‘ಬೇಹೋಶ್’, 2014ರಲ್ಲಿ ‘ಬಾರಾನ್’, 2019ರಲ್ಲಿ ‘ಕುನ್’ ಎಂಬ ಧ್ವನಿಸಂಪುಟಗಳನ್ನು ಇವರು ಹೊರತಂದರು. ವಿದ್ಯುತ್ ಗಿಟಾರಿನ ನಾದವನ್ನು ಮಾರ್ದನಿಯೊಡನೆ ಉದ್ದಕ್ಕೆ ಎಳೆದು, ಕೇಳುವವನನ್ನು ಅರೆಗನಸಿಗೆ ಒಯ್ಯುವ ಸಂಗೀತವಿದು. ಪತ್ರಿಕೆಗಳವರು ಇದಕ್ಕೆ ‘ಸೈಕೆಡೆಲಿಕ್’ ಎಂಬ ಹೆಸರಿಟ್ಟರು. ಹೆಸರಿಟ್ಟೊಡನೆ ಕೇಳುವ ಕೆಲಸವು ಮುಗಿಯಿತೆಂದು ಭಾವಿಸುವುದು ವಿಮರ್ಶಕರಲ್ಲಿ ಬಹು ಹಳೆಯ ರೋಗ. ನಮ್ಮ ಅಲಂಕಾರಿಕರಲ್ಲಿಯೂ ಕೆಲವರಿಗೆ ಅದು ತಗುಲಿದ್ದಿತು.

ಆ ಶಬ್ದವನ್ನು 1956ರಲ್ಲಿ ಹಂಫ್ರಿ ಆಸ್ಮಂಡ್ ಎಂಬ ಮನೋವೈದ್ಯರು ಎರಡು ಗ್ರೀಕ್ ಪದಗಳನ್ನು ಕೂಡಿಸಿ ಕಟ್ಟಿದರು. ಸಂಸ್ಕೃತದಲ್ಲಿ ‘ಚಿತ್ತಪ್ರಕಾಶಕ’ವೆಂದರೆ ಹೆಚ್ಚು ಕಡಮೆ ಅದೇ ಅರ್ಥ ಬರುವುದು. ಮೊದಲು ಚಿತ್ತವನ್ನು ಕಲಕುವ ಕೆಲವು ಔಷಧಿಗಳಿಗಿದ್ದ ಹೆಸರು ಹತ್ತು ವರ್ಷಗಳೊಳಗೆ ಸಂಗೀತಕ್ಕೂ ಅಂಟಿಕೊಂಡಿತು. ಅದರೊಡನೆ ಅಮಲಿನ ಅಪವಾದವೂ ಅಂಟಿತು. 1967ರ ಜೂನ್ ತಿಂಗಳಲ್ಲಿ ಬೀಟಲ್ಸ್ ಮೇಳದ ‘ಸಾರ್ಜೆಂಟ್ ಪೆಪ್ಪರ್’ ಧ್ವನಿಮುದ್ರಿಕೆಯನ್ನು, ಇದರಲ್ಲಿ ಚಮತ್ಕಾರವೇ ಹೆಚ್ಚು, ಹುರುಳು ಕಡಮೆ ಎಂಬರ್ಥದಲ್ಲಿ ರಿಚರ್ಡ್ ಗೋಲ್ಡ್‌ಸ್ಟೀನ್ ಎಂಬ ವಿಮರ್ಶಕರು ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಹಳಿದರು. ಸಿಟ್ಟಿಗೆದ್ದ ವಾಚಕರ ಕಾಗದಗಳು ರಾಶಿಯಾಗಿ ಬಂದವು. ಅವರ ತೀರ್ಮಾನವನ್ನು ನಾನೊಪ್ಪದಿದ್ದರೂ ಅವರು ಎತ್ತಿದ ಪ್ರಶ್ನೆ ಸರಿಯಾದುದೆಂದೇ ಹೇಳುವೆನು. ನಾದದ ಚಮತ್ಕಾರವು ಅರ್ಥವನ್ನು ಹೊತ್ತು ತರುವುದೋ, ಮುಚ್ಚಿಹಾಕುವುದೋ?

ಈ ಪ್ರಶ್ನೆಗೆ ಬೇಕಾದ ಅಳತೆಗೋಲನ್ನು ಸಾವಿರದ ನೂರು ವರ್ಷಗಳಿಗೂ ಹಿಂದೆ ಕೊಟ್ಟವನು ಕಾಶ್ಮೀರದವನೇ ಆದ ಆನಂದವರ್ಧನನು. ಅದೇ ನಾಡಿನ ನುಡಿಯಲ್ಲಿ ಬೆಂಗಳೂರಿನ ಮೇಳವೊಂದು ಹಾಡುತ್ತಿದ್ದಾಗ ಆತನನ್ನು ಯಾರೂ ನೆನೆಯದಿದ್ದುದು ನನಗೆ ವಿಚಿತ್ರವೆನಿಸುತ್ತದೆ! ಗಂಟೆಯನ್ನು ಬಡಿದ ಬಳಿಕ ಉಳಿದು ಬರುವ ಅನುರಣನದಂತೆ, ಮಾತಿನ ನೇರವಾದ ಅರ್ಥದ ಹಿಂದೆಯೇ ಮತ್ತೊಂದು ಅರ್ಥವು ಹೊಮ್ಮುವುದೆಂದು ಧ್ವನಿವಾದಿಗಳು ಹೇಳಿದರು. ಗಿಟಾರಿನ ಮಾರ್ದನಿಯೂ ಅನುರಣನವೇ ಸರಿ. ಆದರೆ ಗಂಟೆಗೆ ಪೆಟ್ಟು ಬಿದ್ದಿರಬೇಕಷ್ಟೆ. ವಾಚ್ಯಾರ್ಥವು ಮೊದಲು ಕಿವಿಗೆ ತಲುಪದೆ ವ್ಯಂಗ್ಯಾರ್ಥಕ್ಕೆ ಆಸರೆಯಿಲ್ಲ. ನಮ್ಮ ಸೂಳೆಕೆರೆಯಲ್ಲಿ ನೀರು ಎಷ್ಟೇ ತುಂಬಿರಲಿ, ಸಿದ್ಧನಾಲೆ ಬಸವನಾಲೆಗಳ ತೂಬಿನಿಂದ ಹೊರಟಷ್ಟೇ ಗದ್ದೆ ತೋಟಗಳಿಗೆ ಸಿಕ್ಕುವುದು. ಹಾಡಿಗೆ ಮಾತೇ ತೂಬು.

ಕನ್ನಡದಲ್ಲಿ ಇದಕ್ಕೆ ಒಳ್ಳೆಯ ನಿದರ್ಶನವುಂಟು. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರು 2008ರಲ್ಲಿ ‘ಅಂತರಾಗ್ನಿ’ ಎಂಬ ಸಂಪುಟವನ್ನು ಹೊರತಂದು, ಅದರಲ್ಲಿ ಶಿಶುನಾಳ ಷರೀಫರ (1819–1889) ಪದಗಳನ್ನೂ ಸೇರಿಸಿದರು. 2010ರಲ್ಲಿ ಇಂಗ್ಲೆಂಡಿನ ಬಿಬಿಸಿಯಲ್ಲಿ ಜೂಲ್ಸ್ ಹಾಲೆಂಡರ ಕಾರ್ಯಕ್ರಮಕ್ಕೆ ಅವರಿಗೆ ಕರೆ ಬಂದಿತು; 2011ರಲ್ಲಿ ‘ಸಾಂಗ್‌ಲೈನ್ಸ್’ ಪತ್ರಿಕೆಯು ಅವರನ್ನು ಅತ್ಯುತ್ತಮ ಹೊಸ ಕಲಾವಿದರೆಂದು ಪುರಸ್ಕರಿಸಿತು. ನನ್ನ ಕಣ್ಣಿಗೆ ಬಿದ್ದ ವಿಮರ್ಶೆಗಳಲ್ಲಿ ಲುಂಗಿಯ ಮಾತಿದೆ, ಕಾಲ್ಗೆಜ್ಜೆಯ ಮಾತಿದೆ, ಕಂಠದ ಕಸುವಿನ ಮಾತಿದೆ. ಪದದ ಮಾತು ಮಾತ್ರ ಇಲ್ಲ. ಪರದೇಶದವರಿಗೆ ಕನ್ನಡ ಬಾರದು, ಬಿಡೋಣ, ನಮ್ಮವರಿಗೆ ಏನಾಗಿತ್ತು?

ಆ ಸಂಪುಟದಲ್ಲಿರುವ ಗುಡುಗುಡಿಯ ಪದವನ್ನೇ ನೋಡಿರಿ. ಮನಸ್ಸೇ ಸಂಚಿ, ಮೋಹವೇ ಕೊಚ್ಚತಕ್ಕ ಭಂಗಿ ಎಂದು ಷರೀಫರು ರೂಪಕವನ್ನು ಕಟ್ಟುತ್ತಾರೆ. ಅಮಲೇರಿಸುವ ಸಾಧನವನ್ನೇ ಹಿಡಿದು ಅಮಲನ್ನು ಇಳಿಸುವ ಜಾಣ್ಮೆಯದು. ಕೋಳಿಯು ಕೋಡಗವನ್ನು ನುಂಗಿತೆಂದು ಹಾಡಿದವರೂ ಅವರೇ; ಅಲ್ಲಮನ ಬೆಡಗಿನ ವಚನಗಳಿಂದ ಬಂದ ದಾರಿಯಿದು. ಚಿತ್ತಪ್ರಕಾಶಕ ಸಂಗೀತವು ನಮಗೆ ಹೊಸತೆನ್ನುವವರು ಈ ಪದಗಳನ್ನು ಕೇಳಿಲ್ಲವೆಂದೇ ತೋರುತ್ತದೆ. ದೀಕ್ಷಿತರ ಗಾಯನದಲ್ಲಿ ಮಾತು ಬಹುಮಟ್ಟಿಗೆ ನಿಚ್ಚಳವಾಗಿ ಕೇಳುತ್ತದೆ. ಇದು ಅವರ ಗುಣ. ಕುಣಿತದ ವೇಗದಲ್ಲಿ ರೂಪಕವು ಜಾರಿಹೋಗುವುದೂ ಉಂಟು. ಸಿ. ಅಶ್ವಥ್ ಅವರು 1990ರ ‘ಸಂತ ಶಿಶುನಾಳ ಷರೀಫ’ ಚಿತ್ರಕ್ಕೆ ಕೂಡಿಸಿದ ರಾಗಗಳಲ್ಲಿ ಮಾತಿಗೆ ಉಸಿರಾಡಲು ಹೆಚ್ಚು ಎಡೆಯಿದೆ ಎಂಬುದು ನನ್ನ ಅಭಿಪ್ರಾಯ.

ಕಳೆದ ಗಣೇಶನ ಹಬ್ಬದಲ್ಲಿ ನಮ್ಮ ಕೆರೆಯ ಕಡೆಯ ನಾಲ್ವರು ಹುಡುಗರು, ದಾವಣಗೆರೆಯಲ್ಲಿ ಓದುತ್ತಿರುವವರು, ಇದೇ ಷರೀಫರ ಪದವನ್ನು ಗಿಟಾರು ಮಾರ್ದನಿಗಳೊಡನೆ ಹಾಡಿದರು. ಮರುದಿನ ಹೋಟೆಲಿನಲ್ಲಿ ಹಿರಿಯರ ತೀರ್ಪು: “ಏನ್ರೀ ಮೇಷ್ಟ್ರೇ, ಅದು ಹಾಡೋ, ಗದ್ದಲವೋ?” ಒಬ್ಬ ಹುಡುಗನ ತಂದೆಯು ಆ ಮಾತಿಗೆ ನೊಂದು ಗಿಟಾರನ್ನು ಅಟ್ಟಕ್ಕೇರಿಸಿದರು. ಹುಡುಗನು ನನ್ನಲ್ಲಿಗೆ ಬಂದು, “ಮೇಷ್ಟ್ರೇ, ಎಲ್ಲಿ ಕೆಟ್ಟಿತು ಅಂತ ಒಬ್ಬರೂ ಹೇಳಲಿಲ್ಲ” ಎಂದನು. ಅವನ ದೂರು ನ್ಯಾಯವಾದುದು. ಗದ್ದಲವೆಂಬುದು ಬೈಗುಳವೇ ಹೊರತು ವಿಮರ್ಶೆಯಲ್ಲ. ಗೆಳೆಯರು ಮೊಬೈಲಿನಲ್ಲಿ ಕಳುಹಿಸಿದ ಹೊಗಳಿಕೆಯೂ ಅಷ್ಟೇ ಬರಿದು.

ಕೆಟ್ಟ ಎಡೆಯನ್ನು ನಾನು ಹೇಳಿದೆನು. ಹ್ರಸ್ವವನ್ನು ಎಳೆದರೆ ಕನ್ನಡದಲ್ಲಿ ಅರ್ಥವೇ ಮಗುಚುವುದು. ‘ಬಿಡು’ ಎಂಬುದು ‘ಬೀಡು’ ಆಗುವುದು, ‘ನಡು’ ಎಂಬುದು ‘ನಾಡು’ ಆಗುವುದು. ಮಾರ್ದನಿಯು ಒಂದು ಪಾದದ ಕೊನೆಯನ್ನು ಮುಂದಿನ ಪಾದದ ಮೊದಲಿನ ಮೇಲೆ ಚೆಲ್ಲಿ ಎರಡನ್ನೂ ಕೆಡಿಸಿದ್ದಿತು. ಪಲ್ಲವಿ ಮುಗಿದಲ್ಲಿ ಅದನ್ನು ಬಿಟ್ಟಿದ್ದಾಗ ಮಾತ್ರ ಬಹಳ ಚೆನ್ನಾಗಿತ್ತು, ಅದನ್ನೂ ಹೇಳಿದೆನು. ಅಟ್ಟದ ವಿಷಯವಾಗಿ ಅವನ ತಂದೆಯೊಡನೆ ಎರಡು ಸಲ ಮಾತಾಡಿದ್ದೇನೆ. ಪರೀಕ್ಷೆ ಮುಗಿಯಲೆಂಬುದು ಅವರ ಉತ್ತರ.

ಪರ್ವಾಜ್ ಮೇಳದ ಹಾಡುಗಳಿಗೂ ಇದೇ ಅಳತೆಗೋಲನ್ನು ಹಿಡಿಯಬೇಕಾದುದರಿಂದ, ಚನ್ನಗಿರಿಯಲ್ಲಿರುವ ನಿವೃತ್ತ ಉರ್ದು ಅಧ್ಯಾಪಕರೊಬ್ಬರ ಬಳಿಗೆ ಹೋಗಿದ್ದೆನು. ಬೇಹೋಶ್ ಎಂದರೆ ಎಚ್ಚರದಪ್ಪಿದವನು, ಬಾರಾನ್ ಎಂದರೆ ಮಳೆ, ಕುನ್ ಎಂದರೆ ‘ಆಗು’ ಎಂಬ ಆಜ್ಞೆ ಎಂದು ತಿಳಿಸಿದರು. ಉರ್ದು ಹಾಡುಗಳ ಅರ್ಥವನ್ನು ಅಡಿಕೆಯ ಕೊಯ್ಲು ಮುಗಿದ ಮೇಲೆ ಸಾಲುಸಾಲಾಗಿ ಹೇಳುವುದಾಗಿ ಒಪ್ಪಿದ್ದಾರೆ. ಕಾಶ್ಮೀರಿ ಬಲ್ಲವರನ್ನು ಇನ್ನು ಹುಡುಕಬೇಕು.